ಸಾಂಕ್ರಾಮಿಕದಲ್ಲಿ ಮುಂದೂಡಿದ ಮಕ್ಕಳ ಲಸಿಕೆ: ಅಂದಿನ ಭಯ, ಇಂದಿನ ಅನುಮಾನ

ಪ್ರಶ್ನೆ: ಕೋವಿಡ್ ಹರಡಿದ ವರ್ಷ ನಮಗೆ ಮಗಳು ಹುಟ್ಟಿದಳು. ಹುಟ್ಟಿದಾಗ ಆಸ್ಪತ್ರೆಯಲ್ಲೇ ಕೊಡುವ ಲಸಿಕೆಗಳೂ ಅನಂತರದ ಒಂದು ಸುತ್ತಿನ ಚುಚ್ಚುಮದ್ದುಗಳೂ ಆದವು. ಆಮೇಲೆ ಆಸ್ಪತ್ರೆಗೆ ಕಾಲಿಡಲು ಹೆದರಿ ತಿಂಗಳು ತಿಂಗಳೂ ಮುಂದೂಡುತ್ತ ಹೋದೆವು. ದಡಾರದ ಲಸಿಕೆಯೂ ಸೇರಿ ಹಲವು ಡೋಸ್‌ಗಳು ಇಂದಿಗೂ ಬಾಕಿ ಇವೆ. ಅವಳಿಗೆ ಈಗ ಶಾಲೆಗೆ ಸೇರುವ ವಯಸ್ಸು. "ಇಷ್ಟು ವರ್ಷ ಹಾಕಿಸದೆ ಏನೂ ಆಗಲಿಲ್ಲವಲ್ಲ, ಇನ್ನೇಕೆ?" ಎಂದು ನನ್ನ ಪತಿ ಕೇಳುತ್ತಾರೆ. ಕೋವಿಡ್ ಲಸಿಕೆಯ ಬಗ್ಗೆ ಕೇಳಿದ ಮಾತುಗಳಿಂದ ಅವರಿಗೆ ಎಲ್ಲ ಲಸಿಕೆಗಳ ಮೇಲೂ ನಂಬಿಕೆ ಕುಗ್ಗಿದೆ. ಮೊದಲ ಮಗನಿಗೆ ಯಾವ ಪ್ರಶ್ನೆಯನ್ನೂ ಕೇಳದೆ ಎಲ್ಲವನ್ನೂ ಹಾಕಿಸಿದ್ದ ನನಗೂ ಈಗ ಧೈರ್ಯ ಸಾಲದು. ನಮ್ಮಂತೆ ಬೇರೆ ತಂದೆತಾಯಿಯರ ಮನಸ್ಸೂ ಬದಲಾಗಿದೆಯೇ? ನಾವು ಮಾಡಿದ್ದು ತಪ್ಪೇ? ಈಗ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಮೂರು ಬಾರಿ ಓದಿದೆ. ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅವುಗಳನ್ನು ಬಿಡಿಸದೆ ಉತ್ತರ ಕೊಡಲು ಹೊರಟರೆ ನಿಮಗೆ ನ್ಯಾಯ ಸಲ್ಲುವುದಿಲ್ಲ. ಅಂದು ನೀವು ಹೆದರಿದ್ದು ಆಸ್ಪತ್ರೆಗೆ, ಅಲ್ಲಿನ ಜನಸಂದಣಿಗೆ, ಅಲ್ಲಿಂದ ಮನೆಗೆ ಬರಬಹುದಾಗಿದ್ದ ಸೋಂಕಿಗೆ. ಇಂದು ನೀವು ಹೆದರುತ್ತಿರುವುದು ಲಸಿಕೆಗೆ. ಮೊದಲನೆಯದು ಜಾಗದ ಭಯ, ಎರಡನೆಯದು ಔಷಧಿಯ ಮೇಲಿನ ಅನುಮಾನ. ಮೊದಲ ಭಯ ಸಕಾಲದಲ್ಲಿ ಪರಿಹಾರವಾಗದೆ ಉಳಿದದ್ದರಿಂದಲೇ ಎರಡನೆಯದು ಹುಟ್ಟಿಕೊಂಡಿತು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮನೆಯಲ್ಲಿ ನಡೆದಿರುವುದು ಜಗತ್ತಿನ ಲಕ್ಷಾಂತರ ಮನೆಗಳಲ್ಲಿಯೂ ನಡೆದಿದೆ.

2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಆ ತಿಂಗಳ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ಮಾತುಗಳನ್ನು ಒಟ್ಟಿಗೆ ಹೇಳಿತು: ಜನರನ್ನು ಒಂದೆಡೆ ಸೇರಿಸಿ ನಡೆಸುವ ಸಾಮೂಹಿಕ ಲಸಿಕಾ ಅಭಿಯಾನಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ಆದರೆ ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಕೊಡುವ ನಿಯಮಿತ ಲಸಿಕೆಗಳನ್ನು ಸುರಕ್ಷಿತವಾಗಿ ನಡೆಸಲು ಸಾಧ್ಯವಿರುವಲ್ಲೆಲ್ಲ ಮುಂದುವರಿಸಬೇಕು. ತಜ್ಞರಿಗೆ ಈ ಎರಡರ ನಡುವಿನ ವ್ಯತ್ಯಾಸ ಸ್ಪಷ್ಟವಾಗಿತ್ತು. ತಂದೆತಾಯಿಯರಿಗೆ ಮಾತ್ರ ಕೇಳಿಸಿದ್ದು "ಮನೆಯಲ್ಲೇ ಇರಿ" ಎಂಬ ಒಂದೇ ಆಜ್ಞೆ. ತೀರಾ ಅಗತ್ಯವಿಲ್ಲದೆ ಆಸ್ಪತ್ರೆಗೆ ಬರಬೇಡಿ ಎಂದು ಎಲ್ಲೆಡೆ ಸಾರುತ್ತಿದ್ದಾಗ, ಆರೋಗ್ಯವಾಗಿ ಆಡಿಕೊಂಡಿರುವ ಮಗುವಿಗೆ ಕೊಡಿಸಬೇಕಾದ ಚುಚ್ಚುಮದ್ದು ಆ "ಅಗತ್ಯ"ದ ಪಟ್ಟಿಯಲ್ಲಿದೆ ಎಂದು ಯಾರಿಗೆ ತಾನೇ ಹೊಳೆಯಬೇಕು? ಅದೇ ವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಬಡ ದೇಶಗಳಿಗೆ ಲಸಿಕೆ ಒದಗಿಸಲು ನೆರವಾಗುವ ಗಾವಿ ಒಕ್ಕೂಟ ಸೇರಿ ಎಚ್ಚರಿಕೆ ನೀಡುವ ಹೊತ್ತಿಗೆ, ಕನಿಷ್ಠ 68 ದೇಶಗಳಲ್ಲಿ ಲಸಿಕಾ ಸೇವೆ ಅಸ್ತವ್ಯಸ್ತಗೊಂಡು, ಒಂದು ವರ್ಷದೊಳಗಿನ ಸುಮಾರು 8 ಕೋಟಿ ಶಿಶುಗಳು ಅಪಾಯದ ಅಂಚಿಗೆ ಬಂದಿದ್ದರು.

ಆ ದಿನಗಳಲ್ಲಿ ತಂದೆತಾಯಿಯರು ನಿಜವಾಗಿ ಏನು ಯೋಚಿಸುತ್ತಿದ್ದರು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. 2020ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳ ಪೋಷಕರಾದ 1,252 ಮಂದಿಯನ್ನು ಪ್ರಶ್ನಿಸಿ ನಡೆಸಿದ ಒಂದು ಅಧ್ಯಯನದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಜನ, ಸಾಂಕ್ರಾಮಿಕ ಇದ್ದರೂ ಮಕ್ಕಳ ಲಸಿಕೆ ಹೊತ್ತಿಗೆ ಸರಿಯಾಗಿ ಆಗಬೇಕಾದುದು ಮುಖ್ಯ ಎಂದೇ ಹೇಳಿದರು. ಅವರಿಗೆ ಎದುರಾದ ಅಡ್ಡಿಗಳು ಬೇರೆ: ಲಸಿಕೆ ಹಾಕುತ್ತಿದ್ದಾರೋ ಇಲ್ಲವೋ ಎಂಬುದೇ ತಿಳಿಯದಿದ್ದುದು, ಸಮಯ ಗೊತ್ತುಪಡಿಸಿಕೊಳ್ಳಲು ಆಗದಿದ್ದುದು, ಹೊರಗೆ ಹೋದರೆ ಕೋವಿಡ್ ತಗಲೀತೆಂಬ ಅಂಜಿಕೆ. ನಂಬಿಕೆ ಅಲ್ಲಾಡಿರಲಿಲ್ಲ, ದಾರಿ ಮಾತ್ರ ಮುಚ್ಚಿತ್ತು.

ಅಮೆರಿಕದ ಮಿಷಿಗನ್ ರಾಜ್ಯದ ಲೆಕ್ಕ ಇದನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ಐದು ತಿಂಗಳು ತುಂಬಿದ ಶಿಶುಗಳಲ್ಲಿ, ಆ ವಯಸ್ಸಿಗೆ ಆಗಬೇಕಾದ ಎಲ್ಲ ಲಸಿಕೆಗಳನ್ನೂ ಪಡೆದವರು ಹಿಂದಿನ ವರ್ಷಗಳಲ್ಲಿ ಸರಿಸುಮಾರು ಮೂರರಲ್ಲಿ ಎರಡು ಭಾಗ ಇರುತ್ತಿದ್ದರು. 2020ರ ಮೇ ತಿಂಗಳಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಬೇರೆ ವಯಸ್ಸಿನ ಮಕ್ಕಳಲ್ಲೂ ಇಳಿಕೆ ಕಂಡಿತು. ಕುಸಿಯದೆ ನಿಂತದ್ದು ಒಂದೇ ಒಂದು, ಹುಟ್ಟಿದ ಕೂಡಲೇ ಕೊಡುವ ಹೆಪಟೈಟಿಸ್ ಬಿ ಲಸಿಕೆ. ಕಾರಣ ಸರಳ, ಆ ಡೋಸ್ ಕೊಡುವಾಗ ತಾಯಿಯೂ ಮಗುವೂ ಆಸ್ಪತ್ರೆಯಲ್ಲೇ ಇರುತ್ತಾರೆ, ಅದಕ್ಕಾಗಿ ಮತ್ತೆ ಮನೆಯಿಂದ ಹೊರಡಬೇಕಾಗಿಲ್ಲ. ಲಸಿಕೆಯ ಮೇಲಿನ ಅಪನಂಬಿಕೆಯೇ ಇಳಿಕೆಗೆ ಕಾರಣವಾಗಿದ್ದರೆ ಅದೂ ಇಳಿಯಬೇಕಿತ್ತು. ನಿಮ್ಮ ಮಗಳ ಲಸಿಕೆ ಕಾರ್ಡನ್ನು ತೆರೆದು ನೋಡಿ, ಅದರಲ್ಲೂ ಇದೇ ಕಥೆ ಇದೆ: ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೊಟ್ಟವು ಆಗಿವೆ, ಮನೆಯಿಂದ ಹೊರಟು ಹೋಗಿ ಹಾಕಿಸಬೇಕಾದವು ಒಂದು ಸುತ್ತಿಗೇ ನಿಂತಿವೆ.

ನೀವು ಮಾಡಿದ್ದು ತಪ್ಪೇ ಎಂದು ಕೇಳಿದ್ದೀರಿ. ಲೆಕ್ಕ ಹಾಕಿದರೆ ಆ ನಿರ್ಧಾರ ಮಗುವಿನ ಹಿತದಲ್ಲಿರಲಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಬೇಕು. 2020ರಲ್ಲಿ ಆಫ್ರಿಕಾ ಖಂಡದ ದೇಶಗಳನ್ನು ಕುರಿತು ಸಂಶೋಧಕರು ಒಂದು ಅಂದಾಜು ಮಾಡಿದರು. ಲಸಿಕೆಗಾಗಿ ಆಸ್ಪತ್ರೆಗೆ ಹೋಗಿಬರುವಾಗ ತಗಲಿದ ಕೋವಿಡ್‌ನಿಂದ ಹೆಚ್ಚುವರಿಯಾಗಿ ಸಂಭವಿಸಬಹುದಾದ ಪ್ರತಿ ಒಂದು ಸಾವಿಗೆ ಎದುರಾಗಿ, ಲಸಿಕೆಗಳು ತಡೆಯಬಲ್ಲ ಮಕ್ಕಳ ಸಾವುಗಳು ಸುಮಾರು 84 ಎಂದು ಅವರ ಗಣಿತ ಹೇಳಿತು. ಇದು ಮಾದರಿಯೊಂದರ ಅಂದಾಜು, ಅದರ ಮೇಲಿನ ಮತ್ತು ಕೆಳಗಿನ ಮಿತಿಗಳ ನಡುವೆ ಬಹಳ ಅಂತರವಿತ್ತು, ರೋಗಗಳ ಹಾವಳಿ ಕಡಿಮೆ ಇರುವ ದೇಶಗಳಲ್ಲಿ ಅನುಪಾತ ಬೇರೆಯಾಗುತ್ತದೆ. ಆದರೂ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂಬುದರಲ್ಲಿ ಸಂದೇಹವಿರಲಿಲ್ಲ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಆ ಭೇಟಿಯಿಂದ ಅಪಾಯಕ್ಕೆ ಒಳಗಾಗುತ್ತಿದ್ದವರು ಹೆಚ್ಚಾಗಿ ಮಗುವಲ್ಲ, ಮನೆಯಲ್ಲಿದ್ದ ಹಿರಿಯರು. ಹೀಗಾಗಿ ಅಜ್ಜ ಅಜ್ಜಿಯರಿದ್ದ ಮನೆಗಳಲ್ಲಿ ತಂದೆತಾಯಿಯರು ಹೊತ್ತಿದ್ದ ಭಾರ ಕೇವಲ ಅಜ್ಞಾನದ್ದಾಗಿರಲಿಲ್ಲ. ಮಗುವಿನ ಮುಂದಿನ ಆರೋಗ್ಯ ಒಂದು ಕೈಯಲ್ಲಿ, ಹಿರಿಯರ ಇಂದಿನ ಜೀವ ಇನ್ನೊಂದು ಕೈಯಲ್ಲಿ ಎಂಬಂತಹ ಸ್ಥಿತಿ ಅದು. ಕಣ್ಣೆದುರಿನ ಅಪಾಯ ದೊಡ್ಡದಾಗಿಯೂ ದೂರದ ಅಪಾಯ ಚಿಕ್ಕದಾಗಿಯೂ ಕಂಡದ್ದಕ್ಕೆ ನಿಮ್ಮನ್ನು ದೂಷಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಯಾವ ಸೇವೆ ನಿಂತಿದೆ, ಯಾವುದು ನಡೆಯುತ್ತಿದೆ, ಯಾವ ಹೊತ್ತಿಗೆ ಬಂದರೆ ಜನ ಕಡಿಮೆ ಎಂಬುದನ್ನು ನಿಮಗೆ ಸ್ಪಷ್ಟವಾಗಿ ತಿಳಿಸಬೇಕಾಗಿದ್ದವರು ವೈದ್ಯಕೀಯ ವೃತ್ತಿಯಲ್ಲಿದ್ದ ನಾವು. ಆ ಕೆಲಸವನ್ನು ನಾವು ಸಾಕಷ್ಟು ಚೆನ್ನಾಗಿ ಮಾಡಲಿಲ್ಲ.

ಈಗ ನಿಮ್ಮ ಪತಿಯ ಮಾತಿಗೆ ಬರುತ್ತೇನೆ. "ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ" ಎಂಬುದು ಕೇಳಲು ಅನುಭವದ ಮಾತಿನಂತಿದೆ, ಅದಕ್ಕೇ ಅದು ಇಷ್ಟು ಬಲವಾಗಿ ಮನಸ್ಸಿಗೆ ನಾಟುತ್ತದೆ. ಆದರೆ ಏಕೆ ಏನೂ ಆಗಲಿಲ್ಲ ಎಂಬುದನ್ನು ಕೇಳಿಕೊಳ್ಳಬೇಕು. ಶಾಲೆಗಳು ಮುಚ್ಚಿದ್ದವು, ಪ್ರಯಾಣ ನಿಂತಿತ್ತು, ಜನ ಮಾಸ್ಕ್ ಧರಿಸಿ ಒಬ್ಬರಿಂದೊಬ್ಬರು ದೂರವಿದ್ದರು. ಕೋವಿಡ್ ತಡೆಯಲೆಂದು ಮಾಡಿದ ಈ ಎಲ್ಲ ವ್ಯವಸ್ಥೆ ದಡಾರದಂತಹ ರೋಗಗಳ ಓಡಾಟವನ್ನೂ ತಡೆಯಿತು. 2019ರಲ್ಲಿ ಜಗತ್ತಿನಲ್ಲಿ ವರದಿಯಾದ ದಡಾರದ ಪ್ರಕರಣಗಳು 8,69,000ವನ್ನು ಮೀರಿ, 1996ರ ಬಳಿಕದ ಅತಿ ಹೆಚ್ಚಿನ ಮಟ್ಟವನ್ನು ಮುಟ್ಟಿದ್ದವು. 2020ರಲ್ಲಿ ಆ ಸಂಖ್ಯೆ ಗಣನೀಯವಾಗಿ ಇಳಿಯಿತು. ಇಳಿದದ್ದು ಮಕ್ಕಳಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿದ್ದರಿಂದಲ್ಲ, ಏಕೆಂದರೆ ಅದೇ ವರ್ಷ ಲಸಿಕೆ ತಪ್ಪಿಸಿಕೊಂಡ ಮಕ್ಕಳ ಸಂಖ್ಯೆ ಏರುತ್ತಿತ್ತು. ಒಣಹುಲ್ಲಿನ ಬಣವೆ ಬೆಳೆಯುತ್ತಲೇ ಇತ್ತು, ಕಿಡಿ ಮಾತ್ರ ಹತ್ತಿರ ಬಂದಿರಲಿಲ್ಲ.

ಬಣವೆ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಪ್ರಕಟಿಸಿದ ಅಂದಾಜುಗಳನ್ನು ನೋಡಬಹುದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧದ ಲಸಿಕೆಯ ಮೂರೂ ಡೋಸ್ ಪಡೆದ ಮಕ್ಕಳ ಪ್ರಮಾಣ 2019ರಲ್ಲಿ ಶೇಕಡಾ 86 ಇದ್ದದ್ದು 2021ರಲ್ಲಿ 81ಕ್ಕೆ ಇಳಿಯಿತು. ಆ ಒಂದು ವರ್ಷದಲ್ಲಿ 2.5 ಕೋಟಿ ಮಕ್ಕಳು ಒಂದಾದರೂ ಡೋಸನ್ನು ತಪ್ಪಿಸಿಕೊಂಡಿದ್ದರು, ಅವರಲ್ಲಿ 1.8 ಕೋಟಿ ಮಕ್ಕಳಿಗೆ ಮೊದಲ ಡೋಸೂ ಸಿಕ್ಕಿರಲಿಲ್ಲ. ದಡಾರದ ಮೊದಲ ಡೋಸ್ ಪಡೆದವರ ಪ್ರಮಾಣವೂ 81ಕ್ಕೆ ಕುಸಿದು 2008ರ ಬಳಿಕದ ಅತಿ ಕಡಿಮೆ ಮಟ್ಟಕ್ಕೆ ಬಂತು. ಸುಮಾರು ಮೂರು ದಶಕಗಳಲ್ಲಿ ಇಂತಹ ನಿರಂತರ ಇಳಿಕೆ ಕಂಡಿರಲಿಲ್ಲ. ನಿರ್ಬಂಧಗಳು ಸಡಿಲಗೊಂಡ ಬಳಿಕ ಏನಾಯಿತು ಎಂಬುದು ಊಹೆಗೆ ಬಿಟ್ಟ ಮಾತಲ್ಲ. 2022ರಲ್ಲಿ ಹಿಂದಿನ ವರ್ಷಕ್ಕೆ ಹೋಲಿಸಿದರೆ ಜಗತ್ತಿನಾದ್ಯಂತ ದಡಾರದ ಪ್ರಕರಣಗಳು ಶೇಕಡಾ 18ರಷ್ಟು, ಸಾವುಗಳು ಶೇಕಡಾ 43ರಷ್ಟು ಹೆಚ್ಚಿದವು ಎಂದು ಅಂದಾಜಿಸಲಾಯಿತು. ಆ ವರ್ಷ ಸತ್ತವರು ಸುಮಾರು 1,36,000, ಅವರಲ್ಲಿ ಬಹುಪಾಲು ಮಕ್ಕಳು. ದೊಡ್ಡ ಪ್ರಮಾಣದ ಹರಡುವಿಕೆ ಕಂಡ ದೇಶಗಳ ಸಂಖ್ಯೆ 22ರಿಂದ 37ಕ್ಕೆ ಏರಿತು. ಇಂತಹದು ನಡೆಯುವುದು ಇದೇ ಮೊದಲೂ ಅಲ್ಲ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿ ಆರೋಗ್ಯ ಸೇವೆಗಳು ಕುಸಿದಾಗಲೂ ದಡಾರ ಅದರ ಬೆನ್ನಿಗೇ ಕಾಣಿಸಿಕೊಂಡಿತ್ತು.

ಬಾಕಿ ಇರುವ ಲಸಿಕೆಗಳಲ್ಲಿ ನಾನು ದಡಾರವನ್ನೇ ಮತ್ತೆ ಮತ್ತೆ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ರೋಗನಿರೋಧಕ ಶಕ್ತಿ ಇಲ್ಲದ ಜನರ ನಡುವೆ ದಡಾರದ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಸೋಂಕು ತಗಲಬಹುದು. ರೋಗಿ ಕೋಣೆಯಿಂದ ಹೊರಟು ಹೋದ ಮೇಲೂ ಎರಡು ಗಂಟೆಗಳವರೆಗೆ ಅದರ ವೈರಾಣು ಗಾಳಿಯಲ್ಲಿ ಉಳಿದಿರಬಲ್ಲದು. ಆದ್ದರಿಂದಲೇ ಸಮುದಾಯದಲ್ಲಿ ಶೇಕಡಾ 95ರಷ್ಟು ಮಂದಿಗೆ ರಕ್ಷಣೆ ಇಲ್ಲದಿದ್ದರೆ ಅದು ಸಂದಿ ಹುಡುಕಿಕೊಂಡು ನುಗ್ಗುತ್ತದೆ. ಲಸಿಕೆಯ ವ್ಯಾಪ್ತಿ ಕುಸಿದಾಗ ಮೊದಲು ಕಾಣಿಸಿಕೊಳ್ಳುವ ರೋಗ ಸಾಮಾನ್ಯವಾಗಿ ಇದೇ. ಅದು ಬಂದು ಹೋದ ಮೇಲೆ ಉಳಿಸುವ ಹಾನಿಯೂ ಸಣ್ಣದಲ್ಲ. ಮಗು ಹಿಂದೆ ಎದುರಿಸಿ ಗೆದ್ದ ಬೇರೆ ರೋಗಗಳ ನೆನಪನ್ನು ದಡಾರ ದೇಹದಿಂದ ಅಳಿಸಿಹಾಕುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಲಸಿಕೆ ಪಡೆಯದೆ ದಡಾರಕ್ಕೆ ತುತ್ತಾದ ಮಕ್ಕಳು ತಮ್ಮಲ್ಲಿದ್ದ, ರೋಗಾಣುಗಳನ್ನು ಗುರುತಿಸಿ ಎದುರಿಸುವ ಪ್ರತಿಕಾಯಗಳ ಶೇಕಡಾ 11ರಿಂದ 73ರವರೆಗಿನ ಭಾಗವನ್ನು ಕಳೆದುಕೊಂಡಿದ್ದು ಕಂಡುಬಂತು. "ಮಕ್ಕಳಿಗೆ ದಡಾರ ಬಂದು ಹೋದರೆ ಗಟ್ಟಿಯಾಗುತ್ತಾರೆ" ಎಂಬ ಹಳೆಯ ಮಾತಿಗೆ ತದ್ವಿರುದ್ಧವಾದ ಸತ್ಯ ಇದು.

ನಿಮ್ಮ ಮೊದಲ ಪ್ರಶ್ನೆಗೆ, ಅಂದರೆ ಬೇರೆ ತಂದೆತಾಯಿಯರ ಮನಸ್ಸೂ ಬದಲಾಗಿದೆಯೇ ಎಂಬುದಕ್ಕೆ, ಹೌದು ಎಂದೇ ಉತ್ತರಿಸಬೇಕಾಗಿದೆ. ಮಕ್ಕಳಿಗೆ ಲಸಿಕೆ ಮುಖ್ಯ ಎಂಬ ಜನರ ಭಾವನೆ, ಅಧ್ಯಯನಕ್ಕೆ ಒಳಪಟ್ಟ 55 ದೇಶಗಳ ಪೈಕಿ 52ರಲ್ಲಿ ಸಾಂಕ್ರಾಮಿಕದ ಅವಧಿಯಲ್ಲಿ ಕುಗ್ಗಿದೆ ಎಂದು 2023ರಲ್ಲಿ ಯುನಿಸೆಫ್ ವರದಿ ಮಾಡಿತು. ದಕ್ಷಿಣ ಕೊರಿಯಾ, ಜಪಾನ್, ಘಾನಾ, ಸೆನೆಗಲ್ ಮೊದಲಾದೆಡೆ ಈ ಕುಸಿತ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಭಾರತ, ಚೀನಾ, ಮೆಕ್ಸಿಕೊಗಳಲ್ಲಿ ಮಾತ್ರ ನಂಬಿಕೆ ಹಾಗೆಯೇ ಉಳಿಯಿತು ಅಥವಾ ಹೆಚ್ಚಿತು. ಅನುಮಾನ ಹೆಚ್ಚಾಗಿ ಕಂಡದ್ದು 35 ವರ್ಷದೊಳಗಿನವರಲ್ಲಿ ಮತ್ತು ಮಹಿಳೆಯರಲ್ಲಿ. ಎಳೆಯ ಮಕ್ಕಳ ತಾಯಂದಿರು ಬಹುಪಾಲು ಈ ಎರಡೂ ಗುಂಪುಗಳಿಗೆ ಸೇರಿದವರು. ಅಂದರೆ ಕಾರ್ಡ್ ಹಿಡಿದು ಮಗುವನ್ನು ಎತ್ತಿಕೊಂಡು ಹೋಗಬೇಕಾದವರಲ್ಲೇ ಅನುಮಾನ ಹೆಚ್ಚಿತು. ಇದು ನನ್ನನ್ನು ಬಹಳ ಕಾಡಿದ ಸಂಗತಿ.

ಹೀಗೇಕಾಯಿತು? ಒಂದು ಕಾರಣ ಆಗಲೇ ಹೇಳಿದಂತೆ ಮುಂದೂಡಿಕೆಯಲ್ಲಿದೆ. ಒಮ್ಮೆ ಮುಂದೂಡಿದ ಮೇಲೆ ಆ ನಿರ್ಧಾರಕ್ಕೆ ಮನಸ್ಸು ಸಮರ್ಥನೆ ಹುಡುಕುತ್ತದೆ. "ಹೋಗಲು ಆಗಲಿಲ್ಲ" ಎಂಬುದು ಕೆಲವು ತಿಂಗಳಲ್ಲಿ "ಹೋಗದಿದ್ದರೂ ನಡೆಯಿತು" ಎಂದಾಗುತ್ತದೆ, ಇನ್ನೂ ಕೆಲವು ತಿಂಗಳಲ್ಲಿ "ಹೋಗಬೇಕಾದ ಅಗತ್ಯವೇ ಇರಲಿಲ್ಲ" ಎಂದಾಗುತ್ತದೆ. ತಡವಾಗಿ ಬಂದ ತಾಯಿಯನ್ನು ಆಸ್ಪತ್ರೆಯಲ್ಲಿ ಯಾರಾದರೂ ಗದರಿಸಿದರಂತೂ ಮುಗಿಯಿತು, ಆಕೆ ಮತ್ತೆ ಬರುವುದಿಲ್ಲ. ಗದರಿಸಿದವರಿಗೆ ಅದು ಒಂದು ನಿಮಿಷದ ಸಿಟ್ಟು, ಆ ಮಗುವಿಗೆ ಅದು ತಪ್ಪಿಹೋದ ರಕ್ಷಣೆ. ಲಸಿಕೆಯ ಹಿಂಜರಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2014ರಲ್ಲಿ ವಿವರಿಸುವಾಗ ಮೂರು ಎಳೆಗಳನ್ನು ಹೆಸರಿಸಿತ್ತು: ವಿಶ್ವಾಸದ ಕೊರತೆ, ರೋಗವೇ ಇಲ್ಲವೆಂಬ ಉದಾಸೀನ, ಮತ್ತು ಅನುಕೂಲದ ಅಭಾವ. ಸಾಂಕ್ರಾಮಿಕ ಮೊದಲು ಅನುಕೂಲವನ್ನು ಕಿತ್ತುಕೊಂಡಿತು, ರೋಗಗಳ ಓಡಾಟವನ್ನು ತಡೆದು ಉದಾಸೀನವನ್ನು ಬೆಳೆಸಿತು, ಕೊನೆಗೆ ಕೋವಿಡ್ ಲಸಿಕೆಯ ಸುತ್ತ ಎದ್ದ ಜಗಳ ವಿಶ್ವಾಸವನ್ನೂ ಅಲ್ಲಾಡಿಸಿತು.

ಆ ಜಗಳದ ಬಗ್ಗೆ ಕೊಂಚ ವಿವರವಾಗಿಯೇ ಬರೆಯಬೇಕು, ಏಕೆಂದರೆ ನಿಮ್ಮ ಪತಿಯ ಅನುಮಾನದ ಬೇರು ಅಲ್ಲಿದೆ. ಕೋವಿಡ್ ಲಸಿಕೆ ಹೊಸದು, ಒಂದು ವರ್ಷದೊಳಗೆ ತಯಾರಾಗಿ 2020ರ ಡಿಸೆಂಬರಿನಲ್ಲಿ ತುರ್ತು ಅನುಮತಿಯೊಂದಿಗೆ ಬಳಕೆಗೆ ಬಂದದ್ದು. ಅದರ ಬಗ್ಗೆ ಪ್ರಶ್ನೆ ಕೇಳುವುದು ಅಸಹಜವಲ್ಲ. ಮಕ್ಕಳಲ್ಲಿ ಕೋವಿಡ್ ತೀವ್ರವಾಗುವುದು ವಿರಳವಾದ್ದರಿಂದ, ಮಕ್ಕಳಿಗೆ ಆ ಲಸಿಕೆ ಎಷ್ಟು ಅಗತ್ಯ ಎಂಬ ವಿಷಯದಲ್ಲಿ ದೇಶದಿಂದ ದೇಶಕ್ಕೆ ನೀತಿಯೂ ಬೇರೆಯಾಗಿತ್ತು. ಆದರೆ ಆ ಪ್ರಶ್ನೆಯನ್ನು ಹಾಗೆಯೇ ಎತ್ತಿ ದಡಾರ ಮತ್ತು ಪೋಲಿಯೊ ಲಸಿಕೆಗಳ ಮೇಲೆ ಇಡುವುದು ಸರಿಯಲ್ಲ. ಪೋಲಿಯೊ ಲಸಿಕೆ 1955ರಿಂದ, ದಡಾರದ ಲಸಿಕೆ 1963ರಿಂದ ಬಳಕೆಯಲ್ಲಿವೆ. ತಲೆಮಾರುಗಳು ಅವುಗಳನ್ನು ಪಡೆದು ಬೆಳೆದಿವೆ, ನೀವೂ ನಿಮ್ಮ ಪತಿಯೂ ಬಹುಶಃ ಅವರಲ್ಲಿ ಸೇರಿದ್ದೀರಿ. ಕೋವಿಡ್ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ವಯಸ್ಸಾದವರನ್ನು, ದಡಾರ ಮತ್ತು ನಾಯಿಕೆಮ್ಮು ಬಲಿ ತೆಗೆದುಕೊಳ್ಳುವುದು ಮುಖ್ಯವಾಗಿ ಚಿಕ್ಕ ಮಕ್ಕಳನ್ನು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳ ಮಕ್ಕಳಿಗೂ ಲಸಿಕೆ ಮುಟ್ಟಿಸುವ ಕಾರ್ಯಕ್ರಮವನ್ನು ಆರಂಭಿಸಿದ ಬಳಿಕದ 50 ವರ್ಷಗಳಲ್ಲಿ ಲಸಿಕೆಗಳು ಸುಮಾರು 15.4 ಕೋಟಿ ಜೀವಗಳನ್ನು ಉಳಿಸಿವೆ ಎಂದು 2024ರಲ್ಲಿ ಅಂದಾಜಿಸಲಾಯಿತು. ಅದರಲ್ಲಿ ಶೇಕಡಾ 60ರಷ್ಟು ದಡಾರದ ಲಸಿಕೆಯೊಂದರ ಪಾಲು.

"ಕೋವಿಡ್ ಲಸಿಕೆ ಹಾಕಿಸಿಕೊಂಡವರಿಗೂ ಕೋವಿಡ್ ಬಂತಲ್ಲ, ಹಾಗಾದರೆ ಲಸಿಕೆಯಿಂದ ಏನು ಪ್ರಯೋಜನ?" ಎಂಬ ಮಾತನ್ನು ನಾನು ಎಷ್ಟೋ ತಂದೆಯರ ಬಾಯಲ್ಲಿ ಕೇಳಿದ್ದೇನೆ. ನಿಮ್ಮ ಪತಿಯೂ ಅದನ್ನು ಕೇಳಿರಬಹುದು. ಇದಕ್ಕೆ ಉತ್ತರ ಕೊರೊನಾ ಮತ್ತು ದಡಾರ, ಈ ಎರಡು ವೈರಾಣುಗಳ ಸ್ವಭಾವದಲ್ಲಿದೆ. ಕೊರೊನಾ ವೈರಾಣು ಮೂಗು ಮತ್ತು ಗಂಟಲಿನ ಒಳಪದರದಲ್ಲಿ ಬೇಗನೆ ಬೆಳೆದು ಕೆಲವೇ ದಿನಗಳಲ್ಲಿ ರೋಗ ತರುತ್ತದೆ, ಅಲ್ಲದೆ ಮತ್ತೆ ಮತ್ತೆ ರೂಪ ಬದಲಿಸುತ್ತದೆ. ಲಸಿಕೆ ಕಲಿಸಿದ ಪಾಠವನ್ನು ದೇಹ ನೆನಪಿಸಿಕೊಂಡು ಪೂರ್ಣ ಶಕ್ತಿಯಿಂದ ಎದ್ದು ನಿಲ್ಲುವ ಹೊತ್ತಿಗೆ ನೆಗಡಿ, ಜ್ವರ ಶುರುವಾಗಿರುತ್ತವೆ. ಹಾಗಿದ್ದೂ ಆ ನೆನಪು ರೋಗ ಶ್ವಾಸಕೋಶಕ್ಕೆ ಇಳಿದು ಜೀವಕ್ಕೆ ಮುಳುವಾಗುವುದನ್ನು ಬಹುಮಟ್ಟಿಗೆ ತಡೆಯಿತು. ದಡಾರದ ದಾರಿ ಬೇರೆ. ಅದು ದೇಹವನ್ನು ಹೊಕ್ಕು, ದುಗ್ಧಗ್ರಂಥಿಗಳಲ್ಲಿ (ಲಿಂಫ್ ಗ್ರಂಥಿಗಳಲ್ಲಿ) ಬೆಳೆದು, ರಕ್ತದ ಮೂಲಕ ಹರಡಿ ರೋಗಲಕ್ಷಣ ತೋರಿಸಲು 10ರಿಂದ 14 ದಿನ ತೆಗೆದುಕೊಳ್ಳುತ್ತದೆ. ಲಸಿಕೆ ಪಡೆದ ದೇಹಕ್ಕೆ ಅಷ್ಟು ಕಾಲಾವಕಾಶ ಧಾರಾಳವಾಗಿ ಸಾಕು. ಮೇಲಾಗಿ ದಡಾರದ ವೈರಾಣು ಲಸಿಕೆಯ ಕಣ್ಣು ತಪ್ಪಿಸುವಷ್ಟು ರೂಪ ಬದಲಿಸುವುದಿಲ್ಲ. 1954ರಲ್ಲಿ ಒಬ್ಬ ಬಾಲಕನಿಂದ ಬೇರ್ಪಡಿಸಿದ ವೈರಾಣುವಿನ ಸಂತತಿಯಿಂದಲೇ ಇಂದಿನ ಬಹುತೇಕ ದಡಾರ ಲಸಿಕೆಗಳು ತಯಾರಾಗುತ್ತವೆ, ಅವು ಇಂದಿಗೂ ಕೆಲಸ ಮಾಡುತ್ತಿವೆ. ಎರಡು ಡೋಸ್ ಪಡೆದವರಲ್ಲಿ ಶೇಕಡಾ 97ರಷ್ಟು ಜನರಿಗೆ ರಕ್ಷಣೆ ದೊರೆಯುತ್ತದೆ, ಸಾಮಾನ್ಯವಾಗಿ ಅದು ಜೀವಮಾನದ ರಕ್ಷಣೆ. ಎರಡಕ್ಕೂ ಲಸಿಕೆ ಎಂಬ ಒಂದೇ ಹೆಸರಿದೆ ಎಂಬ ಕಾರಣಕ್ಕೆ ಎರಡರಿಂದಲೂ ಒಂದೇ ಬಗೆಯ ಫಲವನ್ನು ನಿರೀಕ್ಷಿಸುವುದೂ, ಒಂದರ ಮಿತಿಯನ್ನು ಇನ್ನೊಂದಕ್ಕೆ ಆರೋಪಿಸುವುದೂ ತಪ್ಪು ತಿಳಿವಳಿಕೆಗೆ ದಾರಿ ಮಾಡುತ್ತವೆ.

ದಡಾರದ ಲಸಿಕೆಗೂ ಆಟಿಸಂಗೂ ನಂಟು ಕಟ್ಟುವ ಮಾತು ಸಾಂಕ್ರಾಮಿಕದ ಕಾಲದಲ್ಲಿ ಮತ್ತೆ ತಲೆಯೆತ್ತಿದ್ದರಿಂದ ಒಂದೆರಡು ವಾಕ್ಯ ಹೇಳಿ ಮುಂದೆ ಹೋಗುತ್ತೇನೆ. 1998ರಲ್ಲಿ ಅದನ್ನು ಹುಟ್ಟುಹಾಕಿದ ಲೇಖನವನ್ನು ಪ್ರಕಟಿಸಿದ್ದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂತಹ ಯಾವ ನಂಟೂ ಕಾಣಲಿಲ್ಲ.

ಜನರ ಮನಸ್ಸು ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲ ಎಂಬುದನ್ನೂ ಹೇಳಬೇಕು. ಲಸಿಕೆಯೇ ಇಲ್ಲದ ರೋಗವೊಂದು ಮನೆಮನೆಯ ಬಾಗಿಲಿಗೆ ಬಂದರೆ ಹೇಗಿರುತ್ತದೆ ಎಂಬುದನ್ನು 2020ರಲ್ಲಿ ಕಂಡ ಅನೇಕ ತಂದೆತಾಯಿಯರಿಗೆ ಮಕ್ಕಳ ಲಸಿಕೆಗಳ ಬೆಲೆ ಮೊದಲ ಬಾರಿಗೆ ಅರ್ಥವಾಯಿತು. ಕೆಲವರ ಭರವಸೆ ಅಳತೆ ಮೀರಿದ್ದೂ ಉಂಟು. ಕ್ಷಯದ ವಿರುದ್ಧ ಕೊಡುವ ಬಿಸಿಜಿ ಲಸಿಕೆ ಕೋವಿಡನ್ನೂ ತಡೆಯುತ್ತದೆ ಎಂಬ ಸುದ್ದಿ ಹಬ್ಬಿದಾಗ, ಅದಕ್ಕೆ ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಏಪ್ರಿಲ್‌ನಲ್ಲಿಯೇ ಸ್ಪಷ್ಟಪಡಿಸಬೇಕಾಯಿತು. ಅತಿಯಾದ ಭರವಸೆ ಮುರಿದಾಗ ಹುಟ್ಟುವ ಅಪನಂಬಿಕೆಯೂ ಆಳವಾಗಿರುತ್ತದೆ. ಅದಕ್ಕಾಗಿ ಲಸಿಕೆಗಳ ಅಡ್ಡಪರಿಣಾಮಗಳನ್ನು ಮರೆಮಾಚದೆ ಹೇಳುವುದು ಒಳ್ಳೆಯದು ಎಂದು ನಾನು ನಂಬಿದ್ದೇನೆ. ದಡಾರ, ಮಂಗನಬಾವು, ರುಬೆಲ್ಲಾಗಳ ಸಂಯುಕ್ತ ಲಸಿಕೆ ಪಡೆದ ಕೆಲವು ಮಕ್ಕಳಿಗೆ ಒಂದು ವಾರದ ಆಸುಪಾಸಿನಲ್ಲಿ ಜ್ವರ, ಮೈಮೇಲೆ ತೆಳುವಾದ ಗುಳ್ಳೆಗಳು ಕಾಣಿಸಿಕೊಳ್ಳಬಹುದು. ಸುಮಾರು ಮೂರು ನಾಲ್ಕು ಸಾವಿರ ಡೋಸ್‌ಗಳಿಗೆ ಒಂದರಂತೆ ಜ್ವರದಿಂದ ಫಿಟ್ಸ್ ಬರಬಹುದು. ನೋಡಲು ಭಯ ಹುಟ್ಟಿಸಿದರೂ ಸಾಮಾನ್ಯವಾಗಿ ಅದು ಶಾಶ್ವತ ಹಾನಿ ಮಾಡುವುದಿಲ್ಲ. ದಡಾರ ಬಂದರೆ ಸಾವಿರದಲ್ಲಿ ಒಂದು ಮಗುವಿಗೆ ಮಿದುಳಿನ ಉರಿಯೂತವಾಗುತ್ತದೆ.

ಇನ್ನು ನೀವು ಮಾಡಬೇಕಾದುದು. ಮಗಳ ಲಸಿಕೆ ಕಾರ್ಡನ್ನು ತೆಗೆದುಕೊಂಡು ಮಕ್ಕಳ ವೈದ್ಯರ ಬಳಿಗೆ ಅಥವಾ ಲಸಿಕಾ ಕೇಂದ್ರಕ್ಕೆ ಹೋಗಿ. ಮೊದಲಿನಿಂದ ಮತ್ತೆ ಶುರು ಮಾಡಬೇಕೇನೋ ಎಂಬ ಅಳುಕು ಬೇಡ. ಡೋಸ್‌ಗಳ ನಡುವೆ ವರ್ಷಗಳೇ ಕಳೆದಿದ್ದರೂ ಮಕ್ಕಳ ಸಾಮಾನ್ಯ ಲಸಿಕೆಗಳಲ್ಲಿ ಹಿಂದೆ ಪಡೆದ ಡೋಸ್ ವ್ಯರ್ಥವಾಗುವುದಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಡೋಸ್‌ಗಳ ನಡುವೆ ಇರಲೇಬೇಕಾದ ಕನಿಷ್ಠ ಅಂತರವಿದೆ, ಗರಿಷ್ಠ ಅಂತರವೆಂಬುದು ಅವುಗಳಿಗೆ ಬಹುಮಟ್ಟಿಗೆ ಇಲ್ಲ. ಕೆಲವು ಲಸಿಕೆಗಳಿಗೆ ಮಾತ್ರ ವಯಸ್ಸಿನ ಮಿತಿ ಇದೆ: ತೀವ್ರ ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆಯನ್ನು ಎಳೆಯ ಶಿಶುಗಳಿಗಷ್ಟೇ ಕೊಡುತ್ತಾರೆ, ಆರೋಗ್ಯವಂತ ಮಕ್ಕಳಿಗೆ ಐದು ವರ್ಷ ತುಂಬಿದ ಮೇಲೆ ಹಿಬ್ (ನ್ಯುಮೋನಿಯಾ, ಮಿದುಳು ಪೊರೆಯ ಉರಿಯೂತ ತರುವ ಒಂದು ಬ್ಯಾಕ್ಟೀರಿಯಾ) ಲಸಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಏಳು ವರ್ಷ ದಾಟಿದರೆ ಗಂಟಲಮಾರಿ ಮತ್ತು ನಾಯಿಕೆಮ್ಮಿನ ಲಸಿಕೆಯ ಬಗೆಯೂ ಬದಲಾಗುತ್ತದೆ. ನಿಮ್ಮ ಮಗಳು ಆ ವಯಸ್ಸನ್ನು ಮುಟ್ಟುವ ಮೊದಲೇ ಹೋಗುವುದು ಅನುಕೂಲ. ಅವಳಿಗೆ ಯಾವುದು ಬೇಕು, ಯಾವುದರ ಕಾಲ ಮುಗಿದಿದೆ ಎಂಬುದನ್ನು ವೈದ್ಯರು ಕಾರ್ಡ್ ನೋಡಿ ನಿರ್ಧರಿಸುತ್ತಾರೆ.

ಒಂದೇ ದಿನ ಎರಡು ಮೂರು ಚುಚ್ಚುಮದ್ದು ಕೊಡಲು ಅವರು ಸೂಚಿಸಿದರೆ ಗಾಬರಿಯಾಗಬೇಡಿ. ಬೇರೆ ಬೇರೆ ಜಾಗದಲ್ಲಿ ಕೊಡುವ ಅವುಗಳನ್ನು ಮಗುವಿನ ದೇಹ ಒಟ್ಟಿಗೆ ನಿಭಾಯಿಸಬಲ್ಲದು. ಚುಚ್ಚಿಸಿಕೊಳ್ಳುವ ಜೀವಂತ ಲಸಿಕೆಗಳನ್ನು, ಅಂದರೆ ದಡಾರದ ಲಸಿಕೆಯಂತೆ ದುರ್ಬಲಗೊಳಿಸಿದ ಜೀವಂತ ರೋಗಾಣುವಿನಿಂದ ಮಾಡಿದವುಗಳನ್ನು, ಒಂದೇ ದಿನ ಕೊಡದಿದ್ದರೆ ಅವುಗಳ ನಡುವೆ ನಾಲ್ಕು ವಾರ ಬಿಡಬೇಕಾಗುತ್ತದೆ, ಆದ್ದರಿಂದ ಒಟ್ಟಿಗೆ ಮುಗಿಸುವುದೇ ಮೇಲು. ಸಣ್ಣ ನೆಗಡಿ, ಕೆಮ್ಮು ಇದ್ದರೂ ಲಸಿಕೆ ಕೊಡಬಹುದು. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ, ಅಥವಾ ರೋಗನಿರೋಧಕ ಶಕ್ತಿಯನ್ನು ಬಹಳವಾಗಿ ಕುಗ್ಗಿಸುವ ಕಾಯಿಲೆ ಇಲ್ಲವೆ ಚಿಕಿತ್ಸೆ ಇದ್ದರೆ, ಅದನ್ನು ಮೊದಲೇ ತಿಳಿಸಬೇಕು. ಕಾರ್ಡ್ ಕಳೆದುಹೋಗಿದ್ದರೂ ಹೋಗುವುದನ್ನು ಬಿಡಬೇಡಿ. ಈಗಾಗಲೇ ಪಡೆದ ಡೋಸ್ ಮತ್ತೊಮ್ಮೆ ಬಿದ್ದರೆ ಸಾಮಾನ್ಯವಾಗಿ ಅಪಾಯವಿಲ್ಲ, ಬೀಳದೆ ಉಳಿಯುವುದರಲ್ಲಿ ಅಪಾಯವಿದೆ.

ನಿಮ್ಮ ಪತಿಯನ್ನು ವಾದದಲ್ಲಿ ಸೋಲಿಸಲು ಹೋಗಬೇಡಿ. ಮಗುವಿನ ಮೇಲಿನ ಕಾಳಜಿಯಿಂದಲೇ ಅವರೂ ಮಾತನಾಡುತ್ತಿದ್ದಾರೆ, ಅಂದು ಮುಂದೂಡಿದಾಗ ನಿಮ್ಮಿಬ್ಬರಲ್ಲಿ ಇದ್ದದ್ದೂ ಅದೇ ಕಾಳಜಿ. ನಿರ್ದಿಷ್ಟವಾಗಿ ಯಾವ ಲಸಿಕೆಯ ಯಾವ ಪರಿಣಾಮಕ್ಕೆ ಅವರು ಅಂಜುತ್ತಾರೆ ಎಂದು ಕೇಳಿ. ಎಲ್ಲ ಲಸಿಕೆಗಳನ್ನೂ ಒಟ್ಟಾಗಿ ಕಂಡಾಗ ದೊಡ್ಡದಾಗಿ ತೋರುವ ಭಯ, ಒಂದೊಂದನ್ನೇ ಹೆಸರಿಟ್ಟು ಕೇಳಿದಾಗ ಎರಡು ಮೂರು ಪ್ರಶ್ನೆಗಳಿಗೆ ಇಳಿಯುವುದನ್ನು ನಾನು ಅನೇಕ ದಂಪತಿಗಳಲ್ಲಿ ಕಂಡಿದ್ದೇನೆ. ಆ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ವೈದ್ಯರ ಬಳಿಗೆ ಇಬ್ಬರೂ ಒಟ್ಟಿಗೆ ಹೋಗಿ, ಪತಿ ತಮ್ಮ ಪ್ರಶ್ನೆಗಳನ್ನು ತಾವೇ ಕೇಳಲಿ. ತಡವಾದದ್ದಕ್ಕೆ ಯಾರಾದರೂ ಗದರಿಸಿದರೆ, ಬಾಕಿ ಇರುವುದನ್ನು ಮುಗಿಸಲೆಂದೇ ಬಂದಿದ್ದೇವೆ ಎಂದು ಶಾಂತವಾಗಿ ಹೇಳಿ. ಶಾಲೆ ಆರಂಭವಾಗುವ ಮೊದಲು ದಡಾರದ ಎರಡೂ ಡೋಸ್ ಮುಗಿಯಬೇಕಾದರೆ ಅವುಗಳ ನಡುವೆ ಕನಿಷ್ಠ ನಾಲ್ಕು ವಾರ ಬೇಕು. ಹಾಗಾಗಿ ಶಾಲೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ, ಮೊದಲ ಭೇಟಿಯ ದಿನವನ್ನು ಈ ವಾರವೇ ಗೊತ್ತುಮಾಡಿಕೊಳ್ಳಿ.